ಸುಳ್ಳು ಹೇಳದ ಗಂಟೆ: ಮನೆ, ಗೋದಾಮುಗಳಿಗೆ ಅಲಾರಂ ಅಳವಡಿಸುವವರಿಗೆ ಕೆಲವು ಕಸುಬಿನ ಗುಟ್ಟುಗಳು



ಈಚಿನ ಸಭೆಗಳಲ್ಲಿ ಬೆಳೆರೋಗ, ಗೊಬ್ಬರಗಳ ಮಾತು ಮುಗಿದ ಮೇಲೆ ಸದಸ್ಯರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಮಾಲು ಮನೆಯಲ್ಲಿಟ್ಟುಕೊಂಡು ನಿದ್ದೆ ಮಾಡುವುದು ಹೇಗೆ?" ಪ್ರಶ್ನೆ ನ್ಯಾಯವಾದದ್ದೇ. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಾಗ ಒಣಗಿದ ಕಾಫಿ ಕ್ಯೂರಿಂಗ್ ವರ್ಕ್ಸ್ ಸೇರಿತೆಂದರೆ ನಮ್ಮ ಕಾವಲಿನ ಹೊಣೆ ಮುಗಿಯುತ್ತಿತ್ತು. 1990ರ ದಶಕದಲ್ಲಿ ಆ ಪದ್ಧತಿ ಹಂತಹಂತವಾಗಿ ಸಡಿಲಗೊಂಡು, 1996ರ ವೇಳೆಗೆ ಮಾರಾಟ ಪೂರ್ಣ ಮುಕ್ತವಾಯಿತು. ಅಂದಿನಿಂದ ದರ ನೋಡಿ ಮಾರುವ ಸ್ವಾತಂತ್ರ್ಯ ನಮ್ಮದು, ದರ ಬರುವವರೆಗೆ ಮಾಲನ್ನು ಕಾಯುವ ಕಷ್ಟವೂ ನಮ್ಮದು. ಸುಲಿದ ಅಡಿಕೆ ಮತ್ತು ಕಾಳುಮೆಣಸಿನ ಮಾತೂ ಇದೇ. 2024-25ರಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದ ಮೇಲಂತೂ ನಮ್ಮ ಕೊಪ್ಪ ಸೀಮೆಯಲ್ಲಿ ಅಲಾರಂ ಹಾಕಿಸದ ಗೋದಾಮು ಅಪರೂಪವಾಗುತ್ತಿದೆ.

ಹಾಕಿಸುವುದು ಬೇರೆ, ಸರಿಯಾಗಿ ಹಾಕಿಸುವುದು ಬೇರೆ. ಈ ಭೇದ ನನಗೆ ತಿಳಿದದ್ದು ನಷ್ಟದ ಮೂಲಕ, ಮತ್ತು ಅದಕ್ಕಿಂತ ದೊಡ್ಡದಾದ ನಾಚಿಕೆಯ ಮೂಲಕ. ಸದಸ್ಯರ ಮಕ್ಕಳಲ್ಲಿ ಐ.ಟಿ.ಐ. ಮುಗಿಸಿದ ಕೆಲವರು ಈ ಕಸುಬಿಗೆ ಇಳಿದಿದ್ದಾರೆ. ಅವರಿಗೂ, ಅವರಿಂದ ಕೆಲಸ ಮಾಡಿಸಿಕೊಳ್ಳುವ ನಮಗೂ ಉಪಯೋಗವಾಗಲೆಂದು ಸ್ವಾನುಭವವನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ನಡೆದದ್ದು

ಎರಡು ವರ್ಷದ ಹಿಂದೆ ನಮ್ಮ ಮನೆಗೂ, ಕಣದ ಪಕ್ಕದ ಗೋದಾಮಿಗೂ ಪೇಟೆಯ ಒಬ್ಬರಿಂದ ಅಲಾರಂ ಹಾಕಿಸಿದೆ. ಬೇಸಿಗೆಯಲ್ಲಿ ಅದು ಸುಮ್ಮನಿತ್ತು. ಮುಂಗಾರು ಹಿಡಿದದ್ದೇ ತಡ, ರಾತ್ರಿ ಹೊತ್ತು ಕೂಗತೊಡಗಿತು. ಮೊದಲ ರಾತ್ರಿ ಎಲ್ಲರೂ ಎದ್ದು ಓಡಿದೆವು, ಕಳ್ಳನಿಲ್ಲ. ಎರಡನೆಯ ರಾತ್ರಿಯೂ ಇಲ್ಲ. ವಾರ ಕಳೆಯುವಷ್ಟರಲ್ಲಿ ಪಕ್ಕದ ತೋಟದವರು ಏಳುವುದನ್ನೇ ಬಿಟ್ಟರು. "ತೋಳ ಬಂತು ತೋಳ" ಎಂದು ಕೂಗಿದ ಹುಡುಗನ ಕಥೆ ಚಿಕ್ಕಂದಿನಲ್ಲಿ ಎಲ್ಲರೂ ಓದಿದ್ದೇವೆ. ಒಂಬತ್ತನೆಯ ರಾತ್ರಿ ನಾನೇ ಬೇಸತ್ತು ಅದರ ಸ್ವಿಚ್ಚು ಆರಿಸಿ ಮಲಗಿದೆ. ಅದಾದ ಮೂರನೆಯ ಬೆಳಿಗ್ಗೆ ನೋಡಿದರೆ ಗೋದಾಮಿನ ಹಿಂದಿನ ಕಿಟಕಿಯ ಸರಳು ಬಗ್ಗಿತ್ತು, ಮೂರು ಚೀಲ ಕಾಳುಮೆಣಸು ಇರಲಿಲ್ಲ.

ಮುಂದಿನದನ್ನು ಬರೆಯಲು ಸಂಕೋಚವಾಗುತ್ತದೆ. ನಮ್ಮ ಲೈನು ಮನೆಗಳಲ್ಲಿ ಮೂರು ವರ್ಷದಿಂದ ಕೊಪ್ಪಳ ಜಿಲ್ಲೆಯ ತಳಕಲ್ ಕಡೆಯ ಎರಡು ಸಂಸಾರಗಳಿವೆ. "ಘಟ್ಟದ ಮೇಲಿನ ಕೆಲಸಕ್ಕೆ ಬಯಲುಸೀಮೆಯವರು" ಎಂಬುದು ನಮ್ಮಲ್ಲಿ ಈಗ ಸಾಮಾನ್ಯ ಸಂಗತಿ. ನನ್ನ ಅನುಮಾನ ಮೊದಲು ಹೋದದ್ದು ಅವರ ಮೇಲೆ. ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ, ಅವರ ಹೆಂಗಸರು ಮಕ್ಕಳ ಎದುರಿಗೇ ಟ್ರಂಕುಗಳನ್ನು ತೆಗೆಸಿ ನೋಡಿದೆ. ಸೀರೆ, ಪಡಿತರ ಚೀಟಿ, ಮಕ್ಕಳ ಶಾಲೆಯ ಕಾಗದ, ಒಂದಿಷ್ಟು ಜೋಳದ ಹಿಟ್ಟು. ಬೇರೇನೂ ಇರಲಿಲ್ಲ. ಅವರು ಒಂದು ಮಾತೂ ಆಡಲಿಲ್ಲ. ಸಾಮಾನು ಕಟ್ಟತೊಡಗಿದರು, ಅಷ್ಟೆ.

ಅವರನ್ನು ಊರಿಗೆ ಕರೆದೊಯ್ಯಲು ಆ ಮನೆಯ ಹಿರಿಯ ಮಗ ಹುಬ್ಬಳ್ಳಿಯಿಂದ ಬಂದ. ಇಪ್ಪತ್ತಾರು ವರ್ಷದ ಹುಡುಗ. ಅಂಗಡಿ, ಮನೆಗಳಿಗೆ ಅಲಾರಂ ಹಾಕುವುದೇ ಅವನ ಕಸುಬೆಂದು ನನಗೆ ಗೊತ್ತಿರಲಿಲ್ಲ. ನನ್ನ ಮುಖವನ್ನೂ ಸರಿಯಾಗಿ ನೋಡದೆ, "ಪೆಟಗಿ ಒಮ್ಮೆ ತೆಗೀಲೇನ್ರಿ ಸರ?" ಎಂದು ಕೇಳಿದ. ಅಲಾರಂ ಪೆಟ್ಟಿಗೆ ತೆಗೆದು, ಗೋದಾಮನ್ನು ಅರ್ಧ ಗಂಟೆ ಸುತ್ತಿ ಬಂದು ಹೇಳಿದ:

"ಇದು ಸುಳ್ಳ ಹೇಳೂ ಗಂಟಿ ಐತ್ರಿ. ಸುಳ್ಳ ಹೇಳೂದಕ್ಕಿಂತ ಮೂಕ ಗಂಟಿ ಚಲೋ. ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇದು ಹೊಡಕೊಂಡಾಗ ರಾತ್ರಿ ಮೊದಲ ಓಡಿ ಬಂದವ್ರು ಯಾರ್ರೀ?"

ಮೊದಲು ಓಡಿ ಬಂದವರು ಅವನ ಅಪ್ಪ ಮತ್ತು ಚಿಕ್ಕಪ್ಪ. ಒಂಬತ್ತು ರಾತ್ರಿಯೂ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ದೊಣ್ಣೆ ಹಿಡಿದು ಬಂದವರು ಅವರೇ. ನಾನು ತಲೆ ತಗ್ಗಿಸಿದೆ. ಹುಡುಗ ಎರಡು ದಿನ ನಿಂತು ಎಲ್ಲವನ್ನೂ ಸರಿಮಾಡಿಕೊಟ್ಟ. ಅವನ ಹಿಂದೆ ಏಣಿ ಹಿಡಿದುಕೊಂಡು ನಿಂತು ನಾನು ಕಲಿತ ಪಾಠಗಳು ಇವು.

1. ತಂತಿ ಎಲ್ಲಿ ಮುಗಿಯುತ್ತದೋ ಅಲ್ಲಿ ರೆಸಿಸ್ಟರು

ಕಳ್ಳನ ಅಲಾರಂ ಹೊಸದೇನಲ್ಲ. ಬಾಗಿಲು ತೆರೆದರೆ ವಿದ್ಯುತ್ತಿನಿಂದ ಗಂಟೆ ಬಾರಿಸುವ ಸಾಧನಕ್ಕೆ ಅಮೆರಿಕದ ಬೋಸ್ಟನ್ ಸಮೀಪದ ಆಗಸ್ಟಸ್ ಪೋಪ್ ಎಂಬವರು 1853ರಲ್ಲೇ ಪೇಟೆಂಟ್ ಪಡೆದಿದ್ದರು. ಈಗಿನ ಪದ್ಧತಿಯಲ್ಲಿ ಬಾಗಿಲು ಮುಚ್ಚಿರುವಾಗ ತಂತಿಯಲ್ಲಿ ಸದಾ ಅಲ್ಪ ವಿದ್ಯುತ್ತು ಹರಿಯುತ್ತಿರುತ್ತದೆ. ಬಾಗಿಲು ತೆರೆದರೂ, ಯಾರಾದರೂ ತಂತಿ ಕತ್ತರಿಸಿದರೂ ಹರಿವು ನಿಂತು ಸೈರನ್ ಕೂಗುತ್ತದೆ. ಆದರೆ ಜಾಣ ಕಳ್ಳ ತಂತಿ ಕತ್ತರಿಸುವುದಿಲ್ಲ. ಎರಡು ತಂತಿಗಳ ಸಿಪ್ಪೆ ಸುಲಿದು ಒಂದಕ್ಕೊಂದು ಸೇರಿಸುತ್ತಾನೆ. ಆಗ ಪೆಟ್ಟಿಗೆಗೆ ಬಾಗಿಲು ಮುಚ್ಚಿದಂತೆಯೇ ಕಾಣುತ್ತದೆ.

ಇದನ್ನು ತಡೆಯಲು ಒಂದು ಸಣ್ಣ ರೆಸಿಸ್ಟರು ಕೊಡುತ್ತಾರೆ. ಅದರ ಬೆಲೆ ಒಂದೆರಡು ರೂಪಾಯಿ. ತಯಾರಕರು ಹೇಳಿದ ಓಮ್ ಬೆಲೆಯದನ್ನೇ ಬಳಸಬೇಕು. ಅದನ್ನು ತಂತಿಯ ತುದಿಯಲ್ಲಿ, ಎಂದರೆ ಬಾಗಿಲ ಬಳಿಯ ಸೆನ್ಸರಿನ ಒಳಗೇ ಕೂರಿಸಬೇಕು. ಆಗ ತಂತಿ ತುಂಡಾದರೆ ರೋಧ ಅಪಾರವಾಗುತ್ತದೆ, ತಂತಿಗಳು ಕೂಡಿದರೆ ಸೊನ್ನೆಯಾಗುತ್ತದೆ. ಎರಡನ್ನೂ ಪೆಟ್ಟಿಗೆ ಗುರುತಿಸುತ್ತದೆ. ಕೆಲಸ ಹಗುರವಾಗಲೆಂದು ಅನೇಕರು ಅದನ್ನು ಪೆಟ್ಟಿಗೆಯ ಒಳಗೇ ಕಟ್ಟಿಬಿಡುತ್ತಾರೆ. ನಮ್ಮಲ್ಲಿಯೂ ಹಾಗೇ ಆಗಿತ್ತು. ಕಾವಲುಗಾರನನ್ನು ಗೇಟಿನಲ್ಲಿ ನಿಲ್ಲಿಸುವ ಬದಲು ನಮ್ಮ ಹಾಸಿಗೆಯ ಪಕ್ಕ ಮಲಗಿಸಿದಂತೆ! ಬಿ.ಎಸ್ಸಿ.ಯಲ್ಲಿ ಓಮನ ನಿಯಮ ಬಾಯಿಪಾಠ ಮಾಡಿದ್ದ ನನಗೆ ಇದು ಕಂಡಿರಲಿಲ್ಲ.

2. ಬಾಗಿಲಿನ ಅಯಸ್ಕಾಂತ

ಬಾಗಿಲ ಸೆನ್ಸರಿನಲ್ಲಿ ಎರಡು ಭಾಗಗಳಿವೆ. ಗಾಜಿನ ಕೊಳವೆಯೊಳಗಿನ ಸೂಕ್ಷ್ಮ ಸ್ವಿಚ್ಚನ್ನು ಚೌಕಟ್ಟಿಗೂ, ಅಯಸ್ಕಾಂತವನ್ನು ಕದಕ್ಕೂ ಕೂರಿಸಬೇಕು. ತಿರುಗಣಿಯ ಕಡೆಗಲ್ಲ, ಕದ ತೆರೆಯುವ ಅಂಚಿನ ಕಡೆಗೆ. ತಿರುಗಣಿಯ ಬಳಿ ಹಾಕಿದರೆ ಆಳು ನುಸುಳುವಷ್ಟು ಕದ ತೆರೆದರೂ ಅದಕ್ಕೆ ತಿಳಿಯದೆ ಹೋಗಬಹುದು.

ನಮ್ಮ ಮಳೆಗಾಲದಲ್ಲಿ ಮರದ ಕದ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆದ್ದರಿಂದ ತಯಾರಕರು ಹೇಳಿದ ಅಂತರದ ಅರ್ಧಕ್ಕೇ ಕೂರಿಸಿದರೆ ಎರಡೂ ಕಾಲಕ್ಕೆ ಸರಿಹೋಗುತ್ತದೆ. ಕಬ್ಬಿಣದ ಕದ ಅಥವಾ ಷಟರಿಗೆ ಸಾಮಾನ್ಯ ಸೆನ್ಸರು ಬೇಡ. ಕಬ್ಬಿಣವು ಅಯಸ್ಕಾಂತದ ಬಲವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಷಟರಿಗೆಂದೇ ಬರುವ ದಪ್ಪ ಸೆನ್ಸರು ತಂದು, ಅಡಿಯಲ್ಲಿ ಮರ ಅಥವಾ ಪ್ಲಾಸ್ಟಿಕ್ಕಿನ ತುಂಡು ಕೊಟ್ಟು, ಹಿತ್ತಾಳೆಯ ತಿರುಪು ಬಳಸಬೇಕು. ಷಟರು ಗಾಳಿಗೆ ಅಲುಗಾಡುತ್ತಿದ್ದರೆ ಮೊದಲು ಆ ಅಲುಗಾಟ ನಿಲ್ಲಿಸಬೇಕು. ನಮ್ಮ ಸುಳ್ಳು ಗಂಟೆಯ ಅರ್ಧ ಕಾರಣ ಆಷಾಢದ ಗಾಳಿಗೆ ಅಲ್ಲಾಡುತ್ತಿದ್ದ ಷಟರೇ.

3. ಮೈಯ ಬಿಸಿ ಕಾಣುವ ಕಣ್ಣು

ಕೋಣೆಯ ಮೂಲೆಯಲ್ಲಿ ಹಾಕುವ ಬಿಳಿಯ ಸೆನ್ಸರು ಮನುಷ್ಯನ ಮೈಯಿಂದ ಹೊರಡುವ ಶಾಖಕಿರಣವನ್ನು ಗುರುತಿಸುತ್ತದೆ. ಅದರ ನೋಟ ಬೀಸಣಿಗೆಯ ಕಡ್ಡಿಗಳಂತೆ ಹರಡಿರುತ್ತದೆ. ಕಳ್ಳ ಆ ಕಡ್ಡಿಗಳನ್ನು ಅಡ್ಡ ದಾಟಿದರೆ ತಕ್ಷಣ ತಿಳಿಯುತ್ತದೆ, ನೇರ ಎದುರಿಗೆ ನಡೆದು ಬಂದರೆ ತಡವಾಗಿ ತಿಳಿಯುತ್ತದೆ. ಆದ್ದರಿಂದ ಬಾಗಿಲಿಗೆ ಎದುರಾಗಿ ಹಾಕದೆ, ಬರುವ ದಾರಿಗೆ ಅಡ್ಡಲಾಗುವ ಮೂಲೆಯಲ್ಲಿ ಏಳೆಂಟು ಅಡಿ ಎತ್ತರಕ್ಕೆ ಹಾಕಬೇಕು. ಬಿಸಿಲು ಬೀಳುವ ಕಿಟಕಿ, ಕಾಫಿ ಡ್ರೈಯರು, ಅಡಿಕೆ ಬೇಯಿಸುವ ಒಲೆ ಇವುಗಳ ಕಡೆಗೆ ಅದರ ಮುಖ ಇರಬಾರದು.

ಇಲ್ಲಿ ಹುಡುಗ ಹೇಳಿದ ಒಂದು ಮಾತು ಪುಸ್ತಕ ಓದಿದವರಿಗೂ ಬೇಗ ಹೊಳೆಯುವುದಿಲ್ಲ. "ನಮ್ಮ ಊರಾಗ ಬ್ಯಾಸಗಿಗೆ ಈ ಕಣ್ಣು ಮಂಜಾಗತೈತ್ರಿ" ಎಂದ. ಕೊಪ್ಪಳ ಸೀಮೆಯ ಏಪ್ರಿಲ್-ಮೇ ಬಿಸಿಲು ಸುಮಾರು 40 ಡಿಗ್ರಿ. ತಗಡಿನ ಚಾವಣಿಯ ಕೋಣೆ ರಾತ್ರಿಯೂ ಕಾದಿರುತ್ತದೆ. ಕೋಣೆಯ ಶಾಖ ಮೈಯ ಶಾಖದ ಸಮೀಪಕ್ಕೆ ಬಂದರೆ ಎರಡಕ್ಕೂ ಭೇದ ತಿಳಿಯದೆ ಸೆನ್ಸರಿನ ದೃಷ್ಟಿ ಕುಗ್ಗುತ್ತದೆ. ಅಂಥ ಕಡೆ ಇದೊಂದನ್ನೇ ನಂಬದೆ ಬಾಗಿಲು ಕಿಟಕಿಗಳಿಗೆ ಅಯಸ್ಕಾಂತದ ಸೆನ್ಸರು ತಪ್ಪದೆ ಇರಬೇಕು. ನಮ್ಮಲ್ಲಿ ಡ್ರೈಯರು ನಡೆಯುವ ಮನೆಗೂ ಇದೇ ನಿಯಮ.

ತಂತಿ ಒಳಹೋಗುವ ರಂಧ್ರವನ್ನು ಸಿಲಿಕಾನ್ ಅಂಟಿನಿಂದ ಮುಚ್ಚುವುದನ್ನು ಮರೆಯಬಾರದು. ಬೆಚ್ಚಗಿರುವ ಈ ಡಬ್ಬಿ ಇರುವೆಗೂ ಹಲ್ಲಿಗೂ ಪ್ರಿಯವಾದ ಮನೆ. ನಮ್ಮ ಸುಳ್ಳು ಗಂಟೆಯ ಉಳಿದ ಅರ್ಧಕ್ಕೆ ಕಾರಣ ಒಂದು ಹಲ್ಲಿ, ಮತ್ತು ಅದರ ಎರಡು ಮೊಟ್ಟೆ.

4. ದೂರದ ಗೋದಾಮಿಗೆ ತಂತಿಯ ಲೆಕ್ಕ

ಮನೆಯಿಂದ ಗೋದಾಮು 100 ಮೀಟರ್ ದೂರವಿದೆ ಎನ್ನೋಣ. 0.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 37 ಓಮ್ ರೋಧ. ಹೋಗಿ ಬರುವ ದಾರಿ 200 ಮೀಟರ್, ಎಂದರೆ ಸುಮಾರು 7.5 ಓಮ್. ಒಂದು ಆಂಪಿಯರ್ ಎಳೆಯುವ ಸೈರನ್ನಿಗೆ ಹೊರಟ 12 ವೋಲ್ಟಿನಲ್ಲಿ 7.5 ವೋಲ್ಟು ದಾರಿಯಲ್ಲೇ ಖರ್ಚು. ಉಳಿದ ನಾಲ್ಕೂವರೆ ವೋಲ್ಟಿಗೆ ಸೈರನ್ ಕೂಗುವುದಿಲ್ಲ, ನರಳುತ್ತದೆ. 2.5 ಚದರ ಮಿಲಿಮೀಟರ್ ತಂತಿಯಾದರೆ ನಷ್ಟ ಒಂದೂವರೆ ವೋಲ್ಟಿಗೆ ಇಳಿಯುತ್ತದೆ. ಸೆನ್ಸರುಗಳು ಎಳೆಯುವುದು ಕೆಲವೇ ಮಿಲಿ ಆಂಪಿಯರಾದ್ದರಿಂದ ಅವುಗಳಿಗೆ ಸಣ್ಣ ತಂತಿ ಸಾಕು. ದಪ್ಪ ತಂತಿ ದುಬಾರಿ ಎನಿಸಿದರೆ ಸ್ವಂತ ಬ್ಯಾಟರಿಯುಳ್ಳ ಸೈರನ್ನನ್ನು ಗೋದಾಮಿನಲ್ಲೇ ಇಡಬಹುದು.

ತಂತಿಗಳನ್ನು ಕೈಯಿಂದ ತಿರುಚಿ ಟೇಪು ಸುತ್ತುವುದು ನಮ್ಮ ತೇವದ ಹವೆಗೆ ಸಲ್ಲದು. ಬೆಸುಗೆ ಹಾಕಬೇಕು, ಇಲ್ಲವೇ ಕನೆಕ್ಟರು ಬಳಸಬೇಕು. ಇಲಿಗಳಿರುವ ಕಡೆ ತಂತಿ ಪೈಪಿನೊಳಗೇ ಹೋಗಬೇಕು. ಹೊರಗಿನಿಂದ ಗೋಡೆಯೊಳಕ್ಕೆ ಹೋಗುವ ಮೊದಲು ತಂತಿಯನ್ನು ಸ್ವಲ್ಪ ಕೆಳಕ್ಕೆ ಇಳಿಬಿಟ್ಟು ಮೇಲಕ್ಕೆ ಎತ್ತಬೇಕು. ಮಳೆಯ ನೀರು ಆ ಬಾಗಿನ ತುದಿಯಿಂದ ತೊಟ್ಟಿಕ್ಕಿ ಹೋಗುತ್ತದೆ, ಪೆಟ್ಟಿಗೆಯೊಳಗೆ ಬರುವುದಿಲ್ಲ.

5. ಬ್ಯಾಟರಿ: ಎಷ್ಟು ರಾತ್ರಿ ಎಚ್ಚರ?

ಸಾಮಾನ್ಯವಾಗಿ ಕೊಡುವುದು 12 ವೋಲ್ಟಿನ, 7 ಆಂಪಿಯರ್-ಗಂಟೆಯ ಬ್ಯಾಟರಿ. ಪೆಟ್ಟಿಗೆಗೆ 100 ಮಿಲಿ ಆಂಪಿಯರ್, ನಾಲ್ಕು ಸೆನ್ಸರಿಗೆ 60, ಮೊಬೈಲ್ ಸಂಪರ್ಕಕ್ಕೆ 50, ಒಟ್ಟು 210 ಎಂದುಕೊಂಡರೆ ಕಾಗದದ ಮೇಲೆ 33 ಗಂಟೆ ಬರುತ್ತದೆ. ವಾಸ್ತವದಲ್ಲಿ ಮೂರರಲ್ಲಿ ಎರಡು ಪಾಲು, ಎಂದರೆ 22 ಗಂಟೆ ಎಂದು ಹಿಡಿಯುವುದು ಕ್ಷೇಮ. ಪೇಟೆಗೆ ಇದು ಸಾಕು. ಜುಲೈಯಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದ ನಮ್ಮ ಹಳ್ಳಿಗಳಿಗೆ ಸಾಲದು. 26 ಆಂಪಿಯರ್-ಗಂಟೆಯ ಬ್ಯಾಟರಿಯಾದರೆ ಇದೇ ಲೆಕ್ಕದಲ್ಲಿ ಮೂರು ದಿನ ದಾಟುತ್ತದೆ. ಆದರೆ ಪೆಟ್ಟಿಗೆಯ ಚಾರ್ಜರಿಗೆ ಅಷ್ಟು ದೊಡ್ಡ ಬ್ಯಾಟರಿ ತುಂಬುವ ಶಕ್ತಿ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಬ್ಯಾಟರಿಯ ಮೇಲೆ ಹಾಕಿದ ತಾರೀಕನ್ನು ಶಾಯಿಯಿಂದ ಬರೆಯಿರಿ. ಮೂರು ವರ್ಷಕ್ಕೆ ಬದಲಾಯಿಸುವುದು ವಾಡಿಕೆಯಾಗಲಿ. ಪ್ರತಿವರ್ಷ ಮೇ ತಿಂಗಳಲ್ಲಿ ಒಂದು ಸಂಜೆ ಮೈನ್ ಸ್ವಿಚ್ಚು ಆರಿಸಿ, ಮಾರನೆಯ ಬೆಳಿಗ್ಗೆ ಸೈರನ್ ಕೂಗುತ್ತದೆಯೇ ಎಂದು ಪರೀಕ್ಷಿಸಿದರೆ ಮಳೆಗಾಲ ನಿಶ್ಚಿಂತೆ.

6. ಸಿಡಿಲು ಮತ್ತು ಭೂಸಂಪರ್ಕ

ಎರಡು ಕಟ್ಟಡಗಳ ನಡುವೆ ಗಾಳಿಯಲ್ಲಿ ಎಳೆದ ಉದ್ದ ತಂತಿ ಸಿಡಿಲಿನ ಹೊಡೆತವನ್ನು ಪೆಟ್ಟಿಗೆಯವರೆಗೆ ಕರೆತರುತ್ತದೆ. ಪೈಪಿನಲ್ಲಿ ಹಾಕಿ ಒಂದೂವರೆ ಅಡಿ ಆಳಕ್ಕೆ ಹೂಳುವುದು ಉತ್ತಮ. ವೈರ್‌ಲೆಸ್ ಸೆನ್ಸರು ಬಳಸಿದರೆ ಇನ್ನೂ ಉತ್ತಮ. ಕರೆಂಟಿನ ಬದಿಗೂ ತಂತಿಯ ಬದಿಗೂ ಸರ್ಜ್ ಪ್ರೊಟೆಕ್ಟರ್ ಇರಲಿ. ಅದು ಕೆಲಸ ಮಾಡುವುದು ಭೂಸಂಪರ್ಕ ಚೆನ್ನಾಗಿದ್ದರೆ ಮಾತ್ರ. ತಳಕಲ್ಲಿನ ಎರೆಭೂಮಿ ಹಸಿಯಿದ್ದಾಗ ವಿದ್ಯುತ್ತಿಗೆ ಒಳ್ಳೆಯ ದಾರಿ ಕೊಡುತ್ತದೆ, ಆದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಅದಕ್ಕೆ ಅಲ್ಲಿ ಗುಂಡಿಗೆ ನೀರು ಹಾಕುತ್ತಿರಬೇಕು. ನಮ್ಮ ಜಂಬಿಟ್ಟಿಗೆ ನೆಲ ಅಷ್ಟು ಸುಲಭವಾಗಿ ದಾರಿ ಕೊಡುವುದಿಲ್ಲ. ಒಂದು ಪೈಪು ಸಾಲದಿದ್ದರೆ, ಅಂತರ ಬಿಟ್ಟು ಇನ್ನೊಂದನ್ನು ಇಳಿಸಿ ಎರಡನ್ನೂ ಜೋಡಿಸಬೇಕು.

7. ಸುದ್ದಿ ಯಾರಿಗೆ ಮುಟ್ಟಬೇಕು?

ಮೊಬೈಲಿಗೆ ಕರೆ ಮಾಡುವ ಅಗ್ಗದ ಪೆಟ್ಟಿಗೆಗಳಲ್ಲಿ ಬಹಳಷ್ಟು 2ಜಿ ಮಾತ್ರ ಬಲ್ಲವು. ಅವುಗಳಲ್ಲಿ ಜಿಯೋ ಸಿಮ್ ಕೆಲಸ ಮಾಡುವುದಿಲ್ಲ, ಏಕೆಂದರೆ ಆ ಜಾಲದಲ್ಲಿ 2ಜಿ ಇಲ್ಲ. ಯಾವ ಸಿಮ್ ಆದರೂ ಅದರ ವಾಯಿದೆ ಮುಗಿದರೆ ಪೆಟ್ಟಿಗೆ ಮೂಕವಾಗುತ್ತದೆ. ಮಾಲೀಕರು ಕ್ಯಾಲೆಂಡರಿನಲ್ಲಿ ರೀಚಾರ್ಜಿನ ದಿನ ಗುರುತು ಹಾಕಿಕೊಳ್ಳಲಿ. ಪೆಟ್ಟಿಗೆಯಲ್ಲಿ ತುಂಬುವ ನಂಬರುಗಳಲ್ಲಿ ಬೆಂಗಳೂರಿನ ಮಗನ ನಂಬರಿಗಿಂತ ಮೊದಲು, ಎರಡು ನಿಮಿಷದಲ್ಲಿ ಓಡಿ ಬರಬಲ್ಲವರ ನಂಬರು ಇರಲಿ. ಕಳ್ಳತನ ಖಚಿತವಾದ ಕೂಡಲೇ 112ಕ್ಕೆ ಕರೆ ಮಾಡುವುದನ್ನು ಮನೆಮಂದಿಗೆಲ್ಲ ಹೇಳಿಕೊಟ್ಟಿರಬೇಕು.

8. ಕೆಲಸ ಒಪ್ಪಿಸುವ ಕ್ರಮ

ಕೆಲಸ ಮುಗಿದ ಮೇಲೆ ಪ್ರತಿ ಬಾಗಿಲು, ಪ್ರತಿ ಕಿಟಕಿ ತೆರೆದು, ಪ್ರತಿ ಕೋಣೆಯಲ್ಲಿ ಮನೆಯವರನ್ನೇ ನಡೆಸಿ ಪರೀಕ್ಷಿಸಬೇಕು. ಯಜಮಾನರಿಗೆ ಮಾತ್ರ ಹೇಳಿಕೊಟ್ಟರೆ ಸಾಲದು, ಹಗಲೆಲ್ಲ ಮನೆಯಲ್ಲಿರುವ ಅಮ್ಮನವರಿಗೂ ಅಜ್ಜಿಗೂ ಆರಿಸಲು ಬರಬೇಕು. ಕಾರ್ಖಾನೆಯಿಂದ ಬಂದ ಗುಪ್ತಸಂಖ್ಯೆಯನ್ನು ಬದಲಾಯಿಸದೆ ಬಿಡುವುದು ಬೀಗದ ಜೊತೆ ಕೀಲಿಕೈಯನ್ನೂ ನೇತುಹಾಕಿದಂತೆ. ಹೊಸ ಸಂಖ್ಯೆಯನ್ನು ಮನೆಯವರೇ ಒತ್ತಲಿ, ಆಗ ಅಳವಡಿಸುವವನು ಬೆನ್ನು ತಿರುಗಿಸಿ ನಿಲ್ಲಬೇಕು. ತಳಕಲ್ಲಿನ ಹುಡುಗ ಹಾಗೆಯೇ ನಿಂತ. ಯಾರ ಮನೆಯ ಯಾವ ಕಿಟಕಿ ದುರ್ಬಲ ಎಂಬುದು ಈ ಕಸುಬಿನವನಿಗೆ ತಿಳಿದಿರುತ್ತದೆ. ಆ ಮಾತು ಇನ್ನೊಂದು ಮನೆಯ ಜಗಲಿಯಲ್ಲಿ ಬಾಯಿಂದ ಹೊರಬರಬಾರದು. ಹೊಸಬರು ಮೊದಲು ಕಲಿಯಬೇಕಾದ ಗುಟ್ಟು ಇದು.

ಕೊನೆಯ ಮಾತು

ಕಳೆದ ಚಳಿಗಾಲದಲ್ಲಿ ನಾನು ತಳಕಲ್ಲಿಗೆ ಹೋಗಿ ಬಂದೆ. ಕೊಪ್ಪಕ್ಕೂ ಕೊಪ್ಪಳಕ್ಕೂ ಬರಹದಲ್ಲಿ ಒಂದೇ ಅಕ್ಷರದ ದೂರ, ದಾರಿ ಮಾತ್ರ ಒಂದು ದಿನದ್ದು. ಕಡೂರಿನಲ್ಲಿ ರೈಲು ಹತ್ತಿ ಹುಬ್ಬಳ್ಳಿ, ಅಲ್ಲಿಂದ ಇನ್ನೊಂದು ಗಾಡಿಯಲ್ಲಿ ಗದಗ ದಾಟಿದರೆ ತಳಕಲ್. ಗದಗ-ವಾಡಿ ಹೊಸ ಮಾರ್ಗ ಕವಲೊಡೆಯುವುದು ಅಲ್ಲಿಯೇ. 2025ರ ಮೇ ತಿಂಗಳಿನಿಂದ ಕುಷ್ಟಗಿಯವರೆಗೆ ರೈಲು ಓಡುತ್ತಿದೆ. ಸುತ್ತ ಕಣ್ಣು ಹರಿಯುವಷ್ಟು ದೂರ ಜೋಳ, ಕಡಲೆ. ನಾನು ಹೋದದ್ದು ಯಂತ್ರ ನೋಡಲಿಕ್ಕಲ್ಲ, ಟ್ರಂಕು ತೆಗೆಸಿದ ಹೆಂಗಸರ ಮುಂದೆ ತಪ್ಪಾಯಿತೆಂದು ಹೇಳಲಿಕ್ಕೆ. ಹುಡುಗನ ತಾಯಿ ರೊಟ್ಟಿ, ಎಣ್ಣೆಗಾಯಿ ಬಡಿಸಿ, "ಆಗಿದ್ದು ಆತು, ಉಣ್ರಿ" ಎಂದರು. ಮನೆಯ ಹಿರಿಯರು ಏನೂ ಹೇಳಲಿಲ್ಲ. ಒಂದು ಸಂಸಾರ ಈ ವರ್ಷ ಮತ್ತೆ ನಮ್ಮ ತೋಟಕ್ಕೆ ಬಂದಿದೆ. ಇನ್ನೊಂದು ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿರಲಿಲ್ಲ.

ಹೋದ ಮೆಣಸು ಸಿಗಲಿಲ್ಲ, ಕಳ್ಳ ಯಾರೆಂದೂ ತಿಳಿಯಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರ ಸಾಲಿಗೆ ನಾನೂ ಸೇರಿದೆ. ಆದರೆ ಈಗ ನಮ್ಮ ಪೆಟ್ಟಿಗೆಯಲ್ಲಿ ಮೊದಲು ಕರೆ ಹೋಗುವ ನಂಬರು ಲೈನು ಮನೆಯದು. ಎರಡು ಮಳೆಗಾಲ ಕಳೆದರೂ ಗಂಟೆ ಒಮ್ಮೆಯೂ ಸುಳ್ಳು ಹೇಳಿಲ್ಲ.

ಸದಸ್ಯ ಬಾಂಧವರು ಮಳೆ ಹಿಡಿಯುವ ಮೊದಲು ತಮ್ಮ ಅಲಾರಂಗಳನ್ನು ಮೇಲೆ ಹೇಳಿದ ಕ್ರಮದಲ್ಲಿ ಒಮ್ಮೆ ಪರೀಕ್ಷಿಸಿಕೊಳ್ಳಬೇಕಾಗಿ ಕೋರುತ್ತೇನೆ. ಈ ಕಸುಬು ಕಲಿಯಬಯಸುವ ಸದಸ್ಯರ ಮಕ್ಕಳು, ಹಾಗೆಯೇ ನಮ್ಮ ತೋಟಗಳ ಕಾರ್ಮಿಕರ ಮಕ್ಕಳು, ಸಂಘದ ಕಚೇರಿಯಲ್ಲಿ ಹೆಸರು ಕೊಡಬಹುದು. ಹತ್ತು ಮಂದಿ ಸೇರಿದರೆ ಹುಬ್ಬಳ್ಳಿಯಿಂದ ಆ ಹುಡುಗನನ್ನು ಕರೆಸಿ ಎರಡು ದಿನದ ತರಬೇತಿ ಏರ್ಪಡಿಸುವ ವಿಚಾರವಿದೆ. ಏಣಿ ಹಿಡಿಯಲು ನಾನಿದ್ದೇನೆ.

— ಕಾರ್ಯದರ್ಶಿ